ರಟ್ಗರ್ಸ್ ಮನೆಗೆ ಪ್ರಾಕ್ಟರ್ ಹೆಸರೂ ಸೇರಲಿ: ಟ್ಯಾಲಹಾಸಿ ಗಾರ್ಡನ್ ಕ್ಲಬ್‌ಗೆ ಒಂದು ಬಹಿರಂಗ ಪತ್ರ

ಟ್ಯಾಲಹಾಸಿ ಗಾರ್ಡನ್ ಕ್ಲಬ್‌ನ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಲಬ್ಬಿನ ಸದಸ್ಯೆ ಅಲ್ಲ, ನಿಮ್ಮ ದೇಶದವಳೂ ಅಲ್ಲ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಬಡಗಿಯ ಮಗಳು. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆದೆ. ಮಗ ಫ್ಲಾರಿಡಾದಲ್ಲಿ, ನಿಮ್ಮ ಊರಿನಲ್ಲೇ ಕೆಲಸದಲ್ಲಿದ್ದಾನೆ. ಮೂರು ವರ್ಷದಿಂದ ಫೆಬ್ರವರಿಗೆ ಬಂದು ಜೂನ್‌ವರೆಗೆ ಅವನ ಮನೆಯಲ್ಲಿ ಇರುತ್ತೇನೆ. ಮನಸ್ಸು ಬಿಚ್ಚಿ ಬರೆಯಲು ನನಗೆ ಬರುವುದು ಕನ್ನಡ ಮಾತ್ರ. ಮಗ ಇದನ್ನು ಇಂಗ್ಲಿಷಿಗೆ ಮಾಡಿ ನಿಮಗೆ ತಲುಪಿಸುತ್ತಾನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣ ಇದೆ. ಈ ಊರಲ್ಲಿ, ಈ ರಾಜ್ಯದಲ್ಲಿ ಎಷ್ಟೋ ಕನ್ನಡದ ಮನೆಗಳಿವೆ. ಅವರೂ ನಿಮ್ಮ ಕ್ಲಬ್ಬಿನ ಮನೆ ಇರುವ ಕ್ಯಾಲ್ಹೂನ್ ಬೀದಿಯಲ್ಲಿ ಓಡಾಡುತ್ತಾರೆ. ನಿಮ್ಮ ಮನೆಯ ಕಥೆ ಅವರಿಗೂ ಗೊತ್ತಾಗಲಿ ಅಂತ.

ಬೆಳಗ್ಗೆ ಮೊಮ್ಮಗನನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಆ ಬೀದಿಯಲ್ಲಿ ನಡೆಯುವುದು ನನಗೆ ಅಭ್ಯಾಸ. ಎರಡೂ ಕಡೆ ದೊಡ್ಡ ದೊಡ್ಡ ಓಕ್ ಮರಗಳು. ಕೊಂಬೆಯಿಂದ ಬೂದು ಬಣ್ಣದ ಎಳೆಗಳು ಜಡೆ ಬಿಚ್ಚಿದ ಹಾಗೆ ಇಳಿಬಿದ್ದಿರುತ್ತವೆ. ಸ್ಪ್ಯಾನಿಷ್ ಮಾಸ್ ಎನ್ನುತ್ತೀರಲ್ಲ, ಅದು. ಹೆಸರಿಗೆ ಪಾಚಿ, ನಿಜವಾಗಿ ಅನಾನಸ್ ಗಿಡದ ಬಳಗ. ಮರದ ರಸ ಹೀರುವುದಿಲ್ಲ, ಸುಮ್ನೆ ಆಸರೆ ಪಡೆಯುತ್ತದೆ ಅಷ್ಟೇ. ಆ ನೆರಳಿನಲ್ಲಿ ನಿಮ್ಮ ಕ್ಲಬ್ಬಿನ ಮನೆ ಇದೆ. 1840ರ ಸುಮಾರಿಗೆ ಕಟ್ಟಿದ್ದು. ಹೆಸರು ರಟ್ಗರ್ಸ್ ಹೌಸ್.

ಬಡಗಿಯ ಮಗಳಿಗೆ ಹಳೆಯ ಮನೆ ಕಂಡರೆ ಮೊದಲು ಕಣ್ಣು ಹೋಗುವುದು ಬಾಗಿಲ ಕಡೆಗೆ. ಇದನ್ನು ಕಟ್ಟಿದವರು ಯಾರು ಅಂತ ಮಗನನ್ನು ಕೇಳಿದೆ. ಅವನು ಹುಡುಕಿ ಓದಿ ಹೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ಮೊದಲು ನಿಮಗೆ ಕೈ ಮುಗಿಯಬೇಕು. 1926ರಲ್ಲಿ ಶುರುವಾದ ಕ್ಲಬ್ ನಿಮ್ಮದು. ಆ ಮನೆಯನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿದ್ದೀರಿ. ಇದು ಎಂಥ ಕೆಲಸ ಅಂತ ನನಗೆ ಗೊತ್ತು. ಮರದ ಕೆಲಸದ ಮನೆ ಅಂದರೆ ಮನೆಯಲ್ಲಿ ವಯಸ್ಸಾದವರು ಇದ್ದ ಹಾಗೆ, ದಿನಾ ನೋಡಿಕೊಳ್ಳಬೇಕು. ಅದರಲ್ಲೂ ನಿಮ್ಮ ಊರಿನ ಹವೆ ನಮ್ಮ ಕರಾವಳಿಯ ಹಾಗೆ. ಬೇಸಿಗೆಯಲ್ಲಿ ಗೋಡೆಯೇ ಬೆವರುತ್ತದೆ. ಗೆದ್ದಲು ಸಾಯುವುದಿಲ್ಲ, ಜಾಗ ಬದಲಾಯಿಸುತ್ತದೆ. ಸೂರಿನಲ್ಲಿ ಒಂದು ಕಡೆ ನೀರು ಇಳಿದರೆ ಎರಡೇ ವರ್ಷದಲ್ಲಿ ತೊಲೆಯ ತುದಿ ಪುಡಿ. ಇದಕ್ಕೆಲ್ಲ ದುಡ್ಡು ಹೊಂದಿಸಿ, ಬಣ್ಣ ಬಳಿಸಿ, ಬೇರೆ ಯಾರಿಗೂ ಬೇಡವಾದ ಕೆಲಸವನ್ನು ಕ್ಲಬ್ಬಿನವರೇ ನಿಂತು ಮಾಡಿಸುವುದು ಸಾಮಾನ್ಯ ಅಲ್ಲ.

ನಿಮ್ಮ ದಕ್ಷಿಣದ ರಾಜ್ಯಗಳಲ್ಲಿ ಹೂವಿನ ಹುಚ್ಚಿನ ಹೆಂಗಸರು ಎಷ್ಟು ಮನೆಗಳನ್ನು ಉಳಿಸಿದ್ದಾರೆ ಅಂತ ಓದಿ ಆಶ್ಚರ್ಯ ಆಯಿತು. 1891ರಲ್ಲಿ ಜಾರ್ಜಿಯಾದ ಅಥೆನ್ಸ್ ಊರಿನಲ್ಲಿ ಹನ್ನೆರಡು ಹೆಂಗಸರು ಸೇರಿ ಗಾರ್ಡನ್ ಕ್ಲಬ್ ಮಾಡಿಕೊಂಡರು. ಅಮೆರಿಕದ ಮೊದಲ ಗಾರ್ಡನ್ ಕ್ಲಬ್ ಎಂಬ ಹೆಸರು ಅದಕ್ಕಿದೆ. ಅದರ ನೆನಪಿನ ತೋಟ ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿದೆ. ತೋಟದ ಮಧ್ಯೆ ಇರುವ 1857ರ ಇಟ್ಟಿಗೆ ಮನೆಯೇ 1963ರಿಂದ 1998ರವರೆಗೆ ಜಾರ್ಜಿಯಾ ರಾಜ್ಯದ ಗಾರ್ಡನ್ ಕ್ಲಬ್ಬಿನ ಕೇಂದ್ರ ಕಚೇರಿ. ಮಿಸಿಸಿಪಿ ನದಿಯ ದಂಡೆಯ ನ್ಯಾಚೆಜ್ ಊರಿನಲ್ಲಿ ಗಾರ್ಡನ್ ಕ್ಲಬ್ಬಿನವರು 1930ರ ದಶಕದಲ್ಲೇ ಎಲಿಕಟ್ ಗುಡ್ಡದ ಮೇಲಿನ ಪಾಳುಬಿದ್ದ ಮನೆಯನ್ನು ಕೊಂಡು ರಿಪೇರಿ ಮಾಡಿಸಿದರು. 1798ರ ಮನೆ ಅದು. ಹಳೆಯ ಕಟ್ಟಡ ಉಳಿಸುವ ದೊಡ್ಡ ಕಾನೂನು ಅಮೆರಿಕದಲ್ಲಿ ಬಂದಿದ್ದು 1966ರಲ್ಲಿ. ಅದಕ್ಕೆ ಮೂವತ್ತು ವರ್ಷ ಮುಂಚೆ ಈ ಹೆಂಗಸರು ಕೆಲಸಕ್ಕೆ ಇಳಿದಿದ್ದರು. ಅವರು ಇಲ್ಲದಿದ್ದರೆ ಇವತ್ತು ಎಷ್ಟೋ ಕಡೆ ಪಾರ್ಕಿಂಗ್ ಜಾಗ ಮಾತ್ರ ಇರುತ್ತಿತ್ತು.

ಹಾಗಾಗಿ ನಾನು ದೂರು ತಂದಿಲ್ಲ. ಕೇಳಿಕೊಳ್ಳಲು ಬಂದಿದ್ದೇನೆ.

ನಿಮ್ಮ ಮನೆಯನ್ನು ಕಟ್ಟಿಸಿದವರು ಹೆನ್ರಿ ರಟ್ಗರ್ಸ್. ಕಟ್ಟಿದವನು ಜಾರ್ಜ್ ಪ್ರಾಕ್ಟರ್. ಊರಿನ ಚರಿತ್ರೆ ಬಲ್ಲ ನಿಮಗೆ ಈ ಹೆಸರು ಹೊಸದಲ್ಲ. ಆದರೆ ದೂರದಲ್ಲಿ ಇದನ್ನು ಓದುತ್ತಿರುವ ನಮ್ಮವರಿಗೆ ಹೇಳಬೇಕು. ಪ್ರಾಕ್ಟರ್ ಕಪ್ಪು ಮನುಷ್ಯ, ಸ್ವತಂತ್ರ ಮನುಷ್ಯ. ಸುತ್ತಲೂ ಗುಲಾಮಗಿರಿ ಇದ್ದ ಕಾಲದಲ್ಲಿ, ತಾನೇ ಕರಾರು ಮಾಡಿಕೊಂಡು, ತಾನೇ ಮರ ತರಿಸಿ, ಊರಿನ ದೊಡ್ಡವರಿಗೆ ಮನೆ ಕಟ್ಟಿಕೊಡುತ್ತಿದ್ದ ಮೇಸ್ತ್ರಿ. ಅವನ ಅಪ್ಪ ಟೋನಿ ಪ್ರಾಕ್ಟರ್ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಭಾಷೆ ಬಲ್ಲ ದುಭಾಷಿ. ಫ್ಲಾರಿಡಾ ಸ್ಪೇನ್ ದೇಶದ ಕೈಯಲ್ಲಿದ್ದಾಗ ಆ ಕೆಲಸದಿಂದಲೇ ಬಿಡುಗಡೆ ಪಡೆದವನು.

ಆಗಿನ ಟ್ಯಾಲಹಾಸಿ ಎಂಥ ಊರು ಅಂದರೆ, 1824ರಲ್ಲಿ ಫ್ಲಾರಿಡಾದ ರಾಜಧಾನಿ ಅಂತ ಗೊತ್ತು ಮಾಡಿದ ಮೇಲೆ ಕಾಡು ಕಡಿದು ಎದ್ದ ಊರು. ಸುತ್ತ ಹತ್ತಿ ಹೊಲಗಳು. ಈ ಲಿಯಾನ್ ಕೌಂಟಿಯಲ್ಲಿ 1860ರ ಹೊತ್ತಿಗೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಗುಲಾಮರಾಗಿದ್ದರು. ನಾಲ್ಕು ಜನ ಎದುರಿಗೆ ಬಂದರೆ ಅದರಲ್ಲಿ ಮೂವರು ಇನ್ನೊಬ್ಬರ ಸ್ವತ್ತು. ಅಂಥ ಊರಲ್ಲಿ ಒಬ್ಬ ಕಪ್ಪು ಮೇಸ್ತ್ರಿ ನೂಲು ಹಿಡಿದು, ಮಟ್ಟ ನೋಡಿ, ಬೆಲೆ ಹೇಳಿ ಕೆಲಸ ಹಿಡಿಯುತ್ತಿದ್ದ. ಅವನ ಕೈ ಎಷ್ಟು ಚೆನ್ನಾಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ಮನೆ ಇನ್ನೂ ನಿಂತಿದೆ.

ಈ ಪ್ರಾಕ್ಟರ್ 1839ರಲ್ಲಿ ಮದುವೆಯಾದ. ಹುಡುಗಿಯ ಹೆಸರು ನ್ಯಾನ್ಸಿ. ಅವಳು ಗುಲಾಮಳು. ಅವಳ ಜೊತೆ ಸಂಸಾರ ಮಾಡಬೇಕು ಅಂದರೆ ಅವಳನ್ನು ಒಡೆಯರಿಂದ ಕೊಳ್ಳಬೇಕು. ಒಂದಷ್ಟು ಹಣ ಕೈಯಲ್ಲಿ ಕೊಟ್ಟ, ಉಳಿದದ್ದಕ್ಕೆ ಸಾಲ ಬರೆದುಕೊಟ್ಟ. ಆ ಸಾಲಕ್ಕೆ ಅಡವು ಏನು ಅಂದರೆ ನ್ಯಾನ್ಸಿಯೇ. ಕಟ್ಟಿಕೊಂಡ ಹೆಂಡತಿಯೇ ಅಡವು.

ಇದನ್ನು ಓದಿ ಹೇಳುವಾಗ ಮಗನ ದನಿ ಸಣ್ಣದಾಯಿತು. ಇನ್ನೊಂದು ಸಲ ಓದು ಅಂದೆ. ಅವನು ಓದಲಿಲ್ಲ.

ಕಾನೂನು ಹೇಗಿತ್ತು ಅಂದರೆ, ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು. ಅಪ್ಪ ಸ್ವತಂತ್ರ ಆಗಿದ್ದರೂ ಅದೇ ಲೆಕ್ಕ. ಹಾಗಾಗಿ ಪ್ರಾಕ್ಟರ್‌ನ ಮಕ್ಕಳು ಅವನಿಗೆ ಮಕ್ಕಳು ಹೌದು, ಕಾಗದದ ಮೇಲೆ ಆಸ್ತಿಯೂ ಹೌದು. ಸಾಲ ತೀರದಿದ್ದರೆ ಸಾಲ ಕೊಟ್ಟವರು ಎತ್ತಿಕೊಂಡು ಹೋಗಬಹುದಾದ ಆಸ್ತಿ.

ಸಾಲ ತೀರಿಸುವ ಕಾಲವೂ ಅದಾಗಿರಲಿಲ್ಲ. 1837ರಲ್ಲಿ ದೇಶದ ತುಂಬ ಬ್ಯಾಂಕುಗಳು ಬಿದ್ದಿದ್ದವು. 1841ರಲ್ಲಿ ಊರಿಗೆ ಹಳದಿ ಜ್ವರ ಬಡಿಯಿತು. 1843ರ ಮೇ ತಿಂಗಳಲ್ಲಿ ಬೆಂಕಿ ಬಿದ್ದು ಊರಿನ ವ್ಯಾಪಾರದ ಬೀದಿಯೆಲ್ಲ ಸುಟ್ಟುಹೋಯಿತು. ಬೆಂಕಿ ಬಿದ್ದರೆ ಬಡಗಿಗೆ ಕೆಲಸ ಸಿಗಬೇಕು ಅಲ್ವಾ ಅಂತ ಮೊದಲು ನನಗೆ ಅನ್ನಿಸಿತ್ತು. ಆದರೆ ಆಮೇಲೆ ಅಲ್ಲಿ ಇಟ್ಟಿಗೆಯಲ್ಲೇ ಕಟ್ಟಬೇಕು ಅಂತ ನಿಯಮ ಆಯಿತಂತೆ. ಕಟ್ಟಿಸುವವರ ಕೈಯಲ್ಲಿ ದುಡ್ಡೂ ಇರಲಿಲ್ಲ.

ಕಟ್ಟುವವರ ಸಾಲ ಹೇಗೆ ಬೆಳೆಯುತ್ತದೆ ಅಂತ ನಾನು ಮನೆಯಲ್ಲೇ ನೋಡಿದವಳು. ಅಪ್ಪ ಮರವನ್ನು ಡಿಪೋದಿಂದ ಸಾಲಕ್ಕೆ ತರುತ್ತಿದ್ದ. ಕೊಯ್ಯಿಸುವ ಖರ್ಚು ಸಾಲ. ಕೂಲಿಯವರಿಗೆ ಸಂತೆಯ ದಿನ ಕೈಯಿಂದ ಕೊಡಬೇಕು. ಮನೆಯವರು ಗೃಹಪ್ರವೇಶ ಆದ ಮೇಲೆ ಕೊಡುತ್ತೇವೆ ಅನ್ನುತ್ತಿದ್ದರು. ಗೃಹಪ್ರವೇಶ ಆಗುತ್ತಿತ್ತು, ಸುಗ್ಗಿ ಆಗಲಿ ಅನ್ನುತ್ತಿದ್ದರು. ಒಬ್ಬ ಜಮೀನುದಾರರ ಮನೆಗೆ ಅಪ್ಪ ಹದಿನಾಲ್ಕು ಬಾಗಿಲು ಮಾಡಿಕೊಟ್ಟಿದ್ದ. ಮೂರು ಬಾಗಿಲಿನ ದುಡ್ಡು ಕೊನೆಗೂ ಬರಲಿಲ್ಲ. ಅವ್ವನ ಓಲೆ ಆ ವರ್ಷ ಹೋದವು. ನಮ್ಮ ಮನೆಯಲ್ಲಿ ಅಡವಿಗೆ ಹೋಗಿದ್ದು ಓಲೆ. ಪ್ರಾಕ್ಟರ್ ಮನೆಯಲ್ಲಿ ಅವ್ವನೇ ಅಡವು.

1849ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಗುತ್ತಿದೆ ಅಂತ ದೇಶವೆಲ್ಲ ಆ ಕಡೆ ಓಡಿತು. ಪ್ರಾಕ್ಟರ್ ಕೂಡ ಹೊರಟ. ಚಿನ್ನ ತಂದರೆ ಸಾಲ ತೀರುತ್ತದೆ, ಹೆಂಡತಿ ಮಕ್ಕಳು ತನ್ನವರಾಗಿ ಉಳಿಯುತ್ತಾರೆ. ಅವನು ವಾಪಸ್ ಬರಲೇ ಇಲ್ಲ. 1850ರ ದಶಕದಲ್ಲಿ ನ್ಯಾನ್ಸಿಯನ್ನೂ ಮಕ್ಕಳನ್ನೂ ಸಾಲಕ್ಕಾಗಿ ಗುಲಾಮರಾಗಿ ಮಾರಿದರು. ಅವನು ಮನೆಗಳನ್ನು ಕಟ್ಟಿದ ಅದೇ ಊರಿನಲ್ಲಿ.

1865ರ ಮೇ 20ರಂದು ಅಂತರ್ಯುದ್ಧದಲ್ಲಿ ಗೆದ್ದ ಉತ್ತರದವರ ಯೂನಿಯನ್ ಸೇನೆಯ ಜನರಲ್ ಎಡ್ವರ್ಡ್ ಮೆಕುಕ್ ನಿಮ್ಮ ಊರಿನ ಒಂದು ಮನೆಯ ಮುಂದೆ ನಿಂತು ಗುಲಾಮರ ಬಿಡುಗಡೆಯ ಘೋಷಣೆ ಓದಿಸಿದರು. ಈಗ ಅದನ್ನು ನಾಟ್ ಹೌಸ್ ಅನ್ನುತ್ತಾರೆ, ಮ್ಯೂಸಿಯಂ ಆಗಿದೆ. ಫ್ಲಾರಿಡಾದವರು ಆ ದಿನವನ್ನು ಇವತ್ತಿಗೂ ಬಿಡುಗಡೆಯ ದಿನ ಅಂತ ಆಚರಿಸುತ್ತಾರೆ. 1843ರ ಆ ಮನೆಯೂ ಪ್ರಾಕ್ಟರ್‌ನದೇ ಕೈಕೆಲಸ ಅಂತ ಚರಿತ್ರೆ ಬಲ್ಲವರು ಹೇಳುತ್ತಾರೆ. ಬಿಡುಗಡೆಯ ಸುದ್ದಿ ಬಂದಿದ್ದು ಅವನು ಕಟ್ಟಿದ ಮನೆಯ ಅಂಗಳಕ್ಕೆ. ಅವನು ಅಲ್ಲಿರಲಿಲ್ಲ. ಮಗ ಜಾನ್ ಪ್ರಾಕ್ಟರ್‌ಗೆ ಆಗ ಇಪ್ಪತ್ತರ ಆಸುಪಾಸು. ಹುಡುಗನಾಗಿದ್ದಾಗ ಮಾರಾಟವಾದ ಆ ಜಾನ್ ಮುಂದೆ ಓಟಿನಲ್ಲಿ ಗೆದ್ದು ಫ್ಲಾರಿಡಾದ ಶಾಸನಸಭೆಯಲ್ಲಿ ಹೋಗಿ ಕೂತ.

ಇಷ್ಟೆಲ್ಲ ಒಂದು ಮನೆಯ ಹಿಂದೆ ಇದೆ. ಆ ಮನೆಯ ಹೆಸರಿನಲ್ಲಿ ಇರುವುದು ಮಾತ್ರ ಕಟ್ಟಿಸಿದವರ ಮನೆತನ.

ನನ್ನ ಮೊದಲ ಕೋರಿಕೆ ಇದೇ. ರಟ್ಗರ್ಸ್ ಹೆಸರು ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಪ್ರಾಕ್ಟರ್ ಹೆಸರು ಸೇರಿಸಿ. ರಟ್ಗರ್ಸ್ ಪ್ರಾಕ್ಟರ್ ಮನೆ. ನಿಮ್ಮ ಲೆಟರ್‌ಹೆಡ್ಡಿನಲ್ಲಿ, ಹೂವಿನ ಪ್ರದರ್ಶನದ ಆಹ್ವಾನ ಪತ್ರಿಕೆಯಲ್ಲಿ, ಫೋನ್ ಎತ್ತಿ ಹಲೋ ಅನ್ನುವಾಗ ಆ ಹೆಸರು ಬರಲಿ. ಫಲಕ, ಪುಸ್ತಕ, ಮ್ಯೂಸಿಯಂ ಎಲ್ಲ ಬೇಕು, ಒಳ್ಳೆಯದೇ. ಆದರೆ ಫಲಕವನ್ನು ಓದುವವರು ನಿಂತು ಓದಬೇಕು. ಮನೆಯ ಹೆಸರನ್ನು ಎಲ್ಲರೂ ದಾರಿಯಲ್ಲಿ ನಡೆಯುತ್ತಲೇ ಹೇಳುತ್ತಾರೆ.

ಹೆಸರಿಗೆ ಇಷ್ಟು ಒತ್ತು ಯಾಕೆ ಅಂತ ನೀವು ಕೇಳಬಹುದು. ನೀವೇ ದಿನಾ ಮಾಡುವ ಕೆಲಸ ಅದು. ಕ್ಯಾಮೆಲಿಯಾ ಅನ್ನುತ್ತೀರಿ. ಕಾಮೆಲ್ ಎಂಬ ಕ್ರೈಸ್ತ ಸನ್ಯಾಸಿಯ ಹೆಸರು ಅದು. ಫಿಲಿಪ್ಪೀನ್ಸ್‌ನಲ್ಲಿ ಗಿಡಮೂಲಿಕೆ ನೋಡಿಕೊಂಡಿದ್ದವರು. ಮ್ಯಾಗ್ನೋಲಿಯಾ ಅನ್ನುತ್ತೀರಿ. ಮ್ಯಾನ್ಯೋಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞರ ಹೆಸರು. ಗಾರ್ಡೇನಿಯಾ ಅಂದರೆ ಗಾರ್ಡನ್‌ನಿಂದ, ಅಂದರೆ ತೋಟದಿಂದ ಬಂದ ಹೆಸರು ಅಂತ ಬಹಳ ದಿನ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಚಾರ್ಲ್ಸ್‌ಟನ್‌ನಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬ ಡಾಕ್ಟರ ಹೆಸರನ್ನು ಸಸ್ಯಶಾಸ್ತ್ರಜ್ಞರು ಆ ಹೂವಿಗೆ ಇಟ್ಟರು. ಇನ್ನೂರೈವತ್ತು ವರ್ಷದಿಂದ ಲಕ್ಷಾಂತರ ಜನ ಆ ಡಾಕ್ಟರ ಹೆಸರನ್ನು ಗೊತ್ತಿಲ್ಲದೇ ಹೇಳುತ್ತಿದ್ದಾರೆ. ಹೆಸರು ಇಟ್ಟರೆ ಅದು ಎಷ್ಟು ದೂರ ಹೋಗುತ್ತದೆ ಅಂತ ಹೂವಿನವರಾದ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಕಡೆ ಬಾಗಿಲವಾಡ ನಿಲ್ಲಿಸುವ ದಿನ ಬಡಗಿಗೆ ಮರ್ಯಾದೆ ಮಾಡುತ್ತಾರೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ, ಪಂಚೆ ಶಲ್ಯ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಆ ಒಂದು ದಿನ ಅಪ್ಪ ಹೊಸ ಪಂಚೆ ಉಟ್ಟು ಬರುತ್ತಿದ್ದ. ಮಾರನೇ ದಿನದಿಂದ ಆ ಮನೆ ಗೌಡರ ಮನೆ, ಶಾನುಭೋಗರ ಮನೆ. ಅಪ್ಪನ ಹೆಸರು ಯಾವ ಮನೆಗೂ ಅಂಟಿಕೊಳ್ಳಲಿಲ್ಲ.

ಆದರೆ ಅಪ್ಪನಿಗೆ ಒಂದು ಅಭ್ಯಾಸ ಇತ್ತು, ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಅವನು ತೀರಿಹೋಗಿ ಎಂಟು ವರ್ಷದ ಮೇಲೆ ಪಕ್ಕದ ಊರಿನ ಒಂದು ತೊಟ್ಟಿ ಮನೆ ಕೆಡವುತ್ತಿದ್ದರು. ನಾನು ಸ್ಕೂಲಿನಿಂದ ಬರುತ್ತಿದ್ದೆ. ಬಾಗಿಲವಾಡವನ್ನು ಕಿತ್ತು ರಸ್ತೆ ಪಕ್ಕ ಮಲಗಿಸಿದ್ದರು. ಮೇಲಿನ ಪಟ್ಟಿಯ ನೆತ್ತಿ, ಗೋಡೆಯೊಳಗೆ ಮುಚ್ಚಿಹೋಗುವ ಭಾಗ, ಆಕಾಶ ನೋಡುತ್ತಿತ್ತು. ಸುಣ್ಣ, ಮಣ್ಣು, ಕಣಜ ಕಟ್ಟಿದ ಗೂಡು. ಕೈಯಿಂದ ಒರೆಸಿದೆ. ಸಣ್ಣ ಉಳಿಯಿಂದ ಕೊರೆದ ಅಕ್ಷರ ಕಂಡಿತು. ಅಪ್ಪನ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ 1961. ನಾನು ಹುಟ್ಟಿದ ವರ್ಷ. ಗಿರಾಕಿ ಕಣ್ಣಿಗೆ ಬೀಳದ ಜಾಗ ಹುಡುಕಿ ಅಲ್ಲಿ ಬರೆದಿದ್ದ. ಅದನ್ನು ಕೆಡವುವವರು ಹಳೆ ಸಾಮಾನಿನ ವ್ಯಾಪಾರಿಗೆ ಮಾರಿಬಿಟ್ಟಿದ್ದರು, ನನಗೆ ಸಿಗಲಿಲ್ಲ. ಬೆರಳಿಗೆ ಆ ಅಕ್ಷರದ ತಗ್ಗು ಇವತ್ತಿಗೂ ಗೊತ್ತಾಗುತ್ತದೆ.

ಅದಕ್ಕೇ ಇನ್ನೊಂದು ಕೋರಿಕೆ. ಮುಂದಿನ ಸಲ ಮನೆಯಲ್ಲಿ ರಿಪೇರಿ ಮಾಡಿಸುವಾಗ, ನೆಲಹಲಗೆ ಎತ್ತಿದಾಗ, ಅಟ್ಟದಲ್ಲಿ ಕೆಲಸ ನಡೆದಾಗ, ಒಬ್ಬ ತಿಳಿದ ಬಡಗಿಯನ್ನು ಕರೆಸಿ ತೊಲೆ ಕಂಬಗಳ ಮುಚ್ಚಿದ ಮುಖಗಳನ್ನು ನೋಡಿಸಿ. ಆ ಕಾಲದ ಬಡಗಿಗಳು ಯಾವ ತೊಲೆ ಯಾವ ಕಂಬಕ್ಕೆ ಕೂರಬೇಕು ಅಂತ ಕಚ್ಚಿನ ಹತ್ತಿರ ಉಳಿಯಲ್ಲಿ ರೋಮನ್ ಅಂಕಿ ಕೊರೆಯುತ್ತಿದ್ದರು. ಒಂದು ಗೀಟು, ಎರಡು ಗೀಟು, ಕತ್ತರಿ ಗುರುತು. ಕೊಡಲಿ, ಬಾಚಿಯ ಏಟು, ತೋಪಡದ ಅಲೆ, ಸೀಸದ ಕಡ್ಡಿಯ ಲೆಕ್ಕ, ಏನಾದರೂ ಇರುತ್ತದೆ. ಮರಕ್ಕೆ ಮರೆವಿಲ್ಲ. ನಿಮ್ಮ ಸೀಮೆಯಲ್ಲಿ ಹಳೆಯ ಮನೆಗಳಿಗೆ ಲಾಂಗ್‌ಲೀಫ್ ಪೈನ್ ಮರದ ಚೇಗು ಬಳಸುತ್ತಿದ್ದರು. ಅಂಟು ತುಂಬಿದ ಕೆಂಪು ಚೇಗು, ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಒಂದು ಕಾಲಕ್ಕೆ 9 ಕೋಟಿ ಎಕರೆ ಇದ್ದ ಆ ಪೈನ್ ಕಾಡಿನಲ್ಲಿ ಈಗ ಉಳಿದಿರುವುದು ಅತಿ ಕಡಿಮೆ ಪಾಲು. ಅಂಥ ಮರ ಇನ್ನು ಸಿಗುವುದೂ ಇಲ್ಲ. ಹಾಗಾಗಿ ಒಂದು ಹಲಗೆ ಬದಲಾಯಿಸುವ ಮುಂಚೆ ಅದರ ಹಿಂಬದಿಯನ್ನು ನೋಡಿ. ಗುರುತು ಸಿಕ್ಕರೆ ಗಾಜು ಹಾಕಿ ಜನಕ್ಕೆ ತೋರಿಸಿ. ಒಬ್ಬ ಮೇಸ್ತ್ರಿಯ ಕೈ ಅಲ್ಲಿ ಓಡಾಡಿದೆ ಅಂತ ಶಾಲೆಯ ಮಕ್ಕಳು ಬಂದು ನೋಡಲಿ.

ನ್ಯಾನ್ಸಿಯ ವಿಷಯ ಬೇರೆ. ಅವಳು ಮನೆ ಕಟ್ಟಲಿಲ್ಲ. ಅವಳ ಹೆಸರನ್ನು ಬಾಗಿಲ ಮೇಲೆ ಹಾಕಿ ಅಂದರೆ ಸರಿ ಹೋಗುವುದಿಲ್ಲ. ಅವಳಿಗೆ ತೋಟದಲ್ಲಿ ಒಂದು ಮೂಲೆ ಬೇಕು. ನೀವು ಗಿಡದವರು, ನಿಮ್ಮಿಂದಲೇ ಆಗುವ ಕೆಲಸ.

ಎಂಥ ಮೂಲೆ ಅಂತ ಹೇಳುತ್ತೇನೆ. ದಕ್ಷಿಣದ ಕಪ್ಪು ಹೆಂಗಸರ ಮನೆಗಳ ಮುಂದೆ ಹುಲ್ಲುಹಾಸು ಇರುತ್ತಿರಲಿಲ್ಲವಂತೆ. ಗುಡಿಸಿದ ಅಂಗಳ ಇರುತ್ತಿತ್ತು. ಡಾಗ್‌ವುಡ್ ಗಿಡದ ಸಣ್ಣ ರೆಂಬೆಗಳನ್ನು ಕಟ್ಟಿ ಪೊರಕೆ ಮಾಡಿ, ಬೆಳಗ್ಗೆ ಎದ್ದು ಮಣ್ಣಿನ ಅಂಗಳವನ್ನು ಕಡ್ಡಿ ಕಸ ಇಲ್ಲದ ಹಾಗೆ ಗುಡಿಸುತ್ತಿದ್ದರು. ಒಂದು ಎಳೆ ಹುಲ್ಲು ಎದ್ದರೂ ಕಿತ್ತು ಹಾಕುತ್ತಿದ್ದರು. ಹಾವು ಬಂದರೆ ದೂರದಿಂದಲೇ ಕಾಣಬೇಕು, ಬೆಂಕಿ ಹತ್ತಿದರೆ ಮನೆಗೆ ಹರಿಯಬಾರದು. ಅಂಚಿನಲ್ಲಿ ಹಳೆಯ ಡಬ್ಬ, ಒಡೆದ ಪಾತ್ರೆಗಳಲ್ಲಿ ಹೂವಿನ ಗಿಡ. ಪಶ್ಚಿಮ ಆಫ್ರಿಕಾದಿಂದ ಬಂದ ರೂಢಿ ಅದು ಅಂತ ಓದಿದವರು ಹೇಳುತ್ತಾರೆ. ಆಮೇಲೆ ಅನೇಕ ಬಿಳಿಯರ ಮನೆಗಳಲ್ಲೂ ಅದೇ ರೂಢಿ ಆಯಿತು.

ಇದನ್ನು ಕೇಳಿ ನಾನು ಮಗನಿಗೆ ಅಂದೆ, ಇದು ನಮ್ಮ ಅಂಗಳ ಕಣೋ. ನಮ್ಮ ಅವ್ವ ಅಂಚಿಕಡ್ಡಿ ಪೊರಕೆ ಹಿಡಿದು ಬೆನ್ನು ಬಗ್ಗಿಸಿ ಗುಡಿಸುವಾಗ ಮಣ್ಣಿನ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಗೀರು ಮೂಡುತ್ತಿತ್ತು. ಆ ಗೀರಿನ ಮೇಲೆ ಯಾರಾದರೂ ಕಾಲಿಟ್ಟರೆ ಯಾರು ಬಂದರು ಅಂತ ಹೆಜ್ಜೆ ನೋಡಿಯೇ ಹೇಳುತ್ತಿದ್ದಳು. ಆಮೇಲೆ ಸಗಣಿ ನೀರು, ರಂಗೋಲಿ. ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಕನಕಾಂಬರ. ಎರಡು ಸಮುದ್ರದ ಆಚೆ ಇನ್ನೊಬ್ಬ ಹೆಂಗಸು ಅದೇ ಹೊತ್ತಿಗೆ ಎದ್ದು ಅದೇ ಗೀರು ಎಳೆಯುತ್ತಿದ್ದಳು ಅಂತ ಈ ವಯಸ್ಸಿನಲ್ಲಿ ಗೊತ್ತಾಯಿತು.

ಪುಸ್ತಕಗಳಲ್ಲಿ ದಕ್ಷಿಣದ ತೋಟ ಅಂದರೆ ಕತ್ತರಿಸಿದ ಬಾಕ್ಸ್‌ವುಡ್ ಬೇಲಿ, ಕ್ಯಾಮೆಲಿಯಾ, ಅಜೇಲಿಯಾ, ಇಟ್ಟಿಗೆ ದಾರಿ. ಅದು ಚೆಂದವೇ. ಗುಡಿಸಿದ ಅಂಗಳವೂ ದಕ್ಷಿಣದ ತೋಟವೇ. ಅದನ್ನು ಮಾಡಿದವರಿಗೆ ಕ್ಲಬ್ ಇರಲಿಲ್ಲ, ಬಹುಮಾನ ಇರಲಿಲ್ಲ, ಎಷ್ಟೋ ಜನಕ್ಕೆ ತಮ್ಮ ಮೈಯೇ ತಮ್ಮದಾಗಿರಲಿಲ್ಲ. ಮುಂದೆ 1930ರ ದಶಕದಲ್ಲಿ ವರ್ಜೀನಿಯಾದಂಥ ಕಡೆ ಕಪ್ಪು ಹೆಂಗಸರು ತಮ್ಮದೇ ಗಾರ್ಡನ್ ಕ್ಲಬ್ಬುಗಳನ್ನು ಕಟ್ಟಿಕೊಂಡರು. ನಿಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಅಡಿಗೆ ಹತ್ತು ಅಡಿ ಜಾಗ ಗುಡಿಸಿದ ಅಂಗಳವಾಗಿ ಇರಲಿ. ನ್ಯಾನ್ಸಿಯ ಅಂಗಳ ಅಂತ ಕರೆಯಿರಿ. ಡಾಗ್‌ವುಡ್ ಪೊರಕೆ ಕಟ್ಟುವುದು ಬಲ್ಲ ಅಜ್ಜಿಯರು ಆ ಸೀಮೆಯಲ್ಲಿ ಇನ್ನೂ ಇದ್ದಾರು. ಅವರನ್ನು ಕರೆಸಿ, ಕೂರಿಸಿ, ನಿಮ್ಮ ಸದಸ್ಯರಿಗೆ ಕಲಿಸಲು ಹೇಳಿ. ಹೂವಿನ ಜೋಡಣೆ ಕಲಿಸುವವರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ.

ಆಮೇಲೆ ಮೇ 20. ಆ ದಿನ ನಾಟ್ ಹೌಸ್ ಮುಂದೆ ಜನ ಸೇರುತ್ತಾರೆ, ಹಳೆಯ ಕಾಲದ ಉಡುಪು ತೊಟ್ಟು ಘೋಷಣೆ ಓದುತ್ತಾರೆ. ಅಲ್ಲಿಂದ ನಿಮ್ಮ ಮನೆ ಬಹಳ ದೂರ ಇಲ್ಲ, ನಡೆದೇ ಬರಬಹುದು. ಆ ದಿನ ನಿಮ್ಮ ಬಾಗಿಲು ತೆಗೆದಿರಲಿ. ಭಾಷಣ ಬೇಡ. ಕುಡಿಯಲು ನೀರು, ಕೂರಲು ನೆರಳು ಇದ್ದರೆ ಸಾಕು. ಅವರು ಒಳಗೆ ಬಂದು ಗೋಡೆ ಮುಟ್ಟಿ ನೋಡಲಿ. ಪ್ರಾಕ್ಟರ್ ಕುಟುಂಬದ ಬಳ್ಳಿಯವರು ಎಲ್ಲಾದರೂ ಇದ್ದರೆ ಅವರನ್ನು ಹುಡುಕಿ, ಮೊದಲು ಅವರನ್ನು ಬಾಗಿಲೊಳಗೆ ಕರೆಯಿರಿ.

ನ್ಯಾಚೆಜ್ ಊರಿನ ಹೆಸರು ಮೇಲೆ ಹೇಳಿದೆ. ಅಲ್ಲಿ ದೊಡ್ಡ ದೊಡ್ಡ ಕಂಬದ ಮನೆಗಳನ್ನು ತೋರಿಸುವ ಪ್ರವಾಸ 1932ರಿಂದ ನಡೆಯುತ್ತಿದೆ. ಅದೇ ಊರಿನ ಅಂಚಿನಲ್ಲಿ ಫೋರ್ಕ್ಸ್ ಆಫ್ ದ ರೋಡ್ ಎಂಬ ಕೂಡುರಸ್ತೆ ಇದೆ. ಗುಲಾಮರನ್ನು ಮಾರುತ್ತಿದ್ದ ದೊಡ್ಡ ಸಂತೆ ಅದು. 2021ರಲ್ಲಿ ಆ ಜಾಗ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಆ ಸಂತೆಯ ಕಥೆ ಹೇಳಿದ್ದರಿಂದ ಕಂಬದ ಮನೆಗಳ ಚೆಂದ ಕಡಿಮೆ ಆಗಲಿಲ್ಲ. ಬಂದವರಿಗೆ ಊರು ಪೂರ್ತಿ ಕಂಡಿತು.

ಈ ಪತ್ರ ಓದುವ ಫ್ಲಾರಿಡಾದ ಕನ್ನಡದವರಿಗೂ ಒಂದು ಮಾತು. ಯುಗಾದಿ, ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆಗೆ ಹಿಡಿದು ಒಟ್ಟಿಗೆ ಊಟ ಮಾಡುತ್ತೀರಿ. ಸಂತೋಷ. ಆದರೆ ನೀವಿರುವ ಊರನ್ನು ಕಟ್ಟಿದವರು ಯಾರು ಅಂತಲೂ ಕೇಳಿ ತಿಳಿದುಕೊಳ್ಳಿ. ಮಕ್ಕಳನ್ನು ಒಂದು ಶನಿವಾರ ಕ್ಯಾಲ್ಹೂನ್ ಬೀದಿಗೆ ಕರೆದುಕೊಂಡು ಹೋಗಿ. ಆಮೇಲೆ ಊರಿನ ಹಳೆಯ ಸ್ಮಶಾನಕ್ಕೂ ಹೋಗಿ. 1829ರದ್ದು ಅದು. ಕಪ್ಪು ಜನರನ್ನು ಪಶ್ಚಿಮದ ಅರ್ಧದಲ್ಲಿ ಬೇರೆಯಾಗಿ ಮಣ್ಣು ಮಾಡುತ್ತಿದ್ದರು. ಆ ಅರ್ಧದಲ್ಲಿ ಹೆಸರು ಬರೆದ ಕಲ್ಲಿಗಿಂತ ಖಾಲಿ ಹುಲ್ಲು ಜಾಸ್ತಿ.

ಗಾರ್ಡನ್ ಕ್ಲಬ್ಬಿನ ತಾಯಂದಿರೇ, ಮಹನೀಯರೇ, ನನ್ನ ಮಾತಿನಲ್ಲಿ ಏನಾದರೂ ಹೆಚ್ಚು ಕಡಿಮೆ ಆಗಿದ್ದರೆ ಮನೆಗೆ ಬಂದ ಹೆಂಗಸು ಅಂತ ಕ್ಷಮಿಸಿ. ಕಳೆದ ವರ್ಷ ಪಕ್ಕದ ಮನೆಯವರು ಗಾರ್ಡೇನಿಯಾ ಗಿಡ ಸವರುವಾಗ ನನಗೆ ನಾಲ್ಕು ಕಡ್ಡಿ ಕೊಟ್ಟರು. ನಮ್ಮ ಕಡೆ ಅದನ್ನು ಗಂಧರಾಜ ಅನ್ನುತ್ತೇವೆ. ಮೊಸರಿನ ಡಬ್ಬಿಗೆ ತೂತು ಮಾಡಿ, ಮರಳು ಮಣ್ಣು ಬೆರೆಸಿ ನೆಟ್ಟೆ. ಎರಡು ಸತ್ತವು, ಎರಡು ಬೇರು ಬಿಟ್ಟವು. ನಾನು ಊರಿಗೆ ಹೋದಾಗ ಸೊಸೆ ನೀರು ಹಾಕಿ ಉಳಿಸಿದಳು. ಈಗ ಮೊಣಕಾಲುದ್ದ ಇವೆ, ಒಂದರಲ್ಲಿ ಹಸಿರು ಮೊಗ್ಗು ತಿರುಚಿಕೊಂಡು ಎದ್ದಿದೆ. ನಿಮ್ಮ ಹವೆಯಲ್ಲಿ ಮೇ ತಿಂಗಳಿಗೆ ಅರಳುವ ಹೂವು ಅದು.

ಜೂನ್ ಮೊದಲ ವಾರದವರೆಗೆ ನಾನು ಇಲ್ಲೇ ಇರುತ್ತೇನೆ. ನೀವು ಹೂಂ ಅಂದರೆ ಎರಡೂ ಗಿಡ ತಂದುಕೊಡುತ್ತೇನೆ. ನ್ಯಾನ್ಸಿಯ ಅಂಗಳದ ಅಂಚಿನಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ ನೆಡಿ. ಗುಂಡಿ ನಾನೇ ತೋಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಬಡಗಿಯ ಮಗಳು